ಅಡಿವೆಪ್ಪನವರ ಓಣಿ

ನನ್ನ ತವರಿನ ಓಣಿಯ ಬಾಯಲ್ಲಿ ಒಂದು ಕಬ್ಬಿಣದ ಹಲಗೆ ಇದೆ. ನೀಲಿ ಬಣ್ಣದ ಮೇಲೆ ಬಿಳಿಯ ಅಕ್ಷರಗಳಲ್ಲಿ 'ಅಡಿವೆಪ್ಪ ಓಣಿ' ಎಂದು ಬರೆದಿದೆ. ಆದರೆ ಆ ಹೆಸರು ಹಲಗೆಯ ನಡುವೆ ಇಲ್ಲ, ಬಲಕ್ಕೆ ಸರಿದು ಕುಳಿತಿದೆ. ಎಡಗಡೆ ಗೇಣಗಲ ಬರೀ ನೀಲಿ. ಹೊಸಬರು ಅದನ್ನು ನೋಡಿ, ಬರೆದವನಿಗೆ ಅಳತೆಯೇ ಗೊತ್ತಿರಲಿಲ್ಲ ಎಂದು ನಗುತ್ತಾರೆ. ನಾನೂ ಅವರ ಜೊತೆ ನಗುತ್ತೇನೆ. ಅಳತೆ ತಪ್ಪಿದ್ದು ಬರೆದವನಿಗಲ್ಲ, ಬರೆಸಿದವರಿಗೆ ಎಂದು ಎಲ್ಲರಿಗೂ ಬಿಡಿಸಿ ಹೇಳುತ್ತ ಕೂಡುವಷ್ಟು ತಾಳ್ಮೆ ಈ ವಯಸ್ಸಿನಲ್ಲಿ ನನಗಿಲ್ಲ. ಇವತ್ತು ಮಾತ್ರ ಯಾಕೋ ಹೇಳಬೇಕೆನಿಸಿದೆ.

ನಾನು ಹುಟ್ಟಿದಾಗ ಅದೇ ಜಾಗದಲ್ಲಿ ಬೇರೆ ಹಲಗೆ ಇತ್ತು. ನಮ್ಮನ್ನು ಆಳುತ್ತಿದ್ದ ಬಿಳಿಯರಲ್ಲಿ ಕಾಲ್ಡರ್ ಎಂಬ ಸಾಹೇಬನೊಬ್ಬ ಇದ್ದನಂತೆ. ಓಣಿಗೆ ಅವನ ಹೆಸರಿಟ್ಟಿದ್ದರು. ನಮ್ಮ ಜನರ ನಾಲಿಗೆ ಅದಕ್ಕೆ ಹೊರಳಲಿಲ್ಲ. ಕಾಲ್ಡರ್ ಹೋಗಿ ಕಾಲದಾರ ಆಯಿತು, ಕಾಲದಾರ ಹೋಗಿ ಕಾಲುದಾರಿ ಆಯಿತು. ಎರಡು ಎತ್ತಿನ ಬಂಡಿ ಎದುರುಬದುರು ಹಾಯುವಷ್ಟು ಅಗಲದ ಬೀದಿಗೆ 'ಕಾಲುದಾರಿ ಓಣಿ' ಎಂಬ ಹೆಸರೇಕೆ ಎಂದು ಯಾರೂ ಕೇಳಲಿಲ್ಲ. ಬಿಳಿಯರನ್ನು ಕಳಿಸುವುದಕ್ಕೆ ಎಷ್ಟೋ ಮೊದಲೇ ನಮ್ಮೂರವರು ಅವರ ಹೆಸರನ್ನು ತುಳಿದು ಸವೆಸಿಬಿಟ್ಟಿದ್ದರು.

ಆ ಓಣಿಯಲ್ಲಿ ನಮ್ಮದು ಹೊಲಿಗೆಯವರ ಮನೆ. ಪಡಸಾಲೆಯಲ್ಲಿ ಎರಡು ಯಂತ್ರಗಳಿದ್ದವು. ಒಂದರ ಮುಂದೆ ನಮ್ಮಪ್ಪ, ಇನ್ನೊಂದರ ಮುಂದೆ ಅವನ ತಮ್ಮ ಅಡಿವೆಪ್ಪ ಕಾಕಾ. ಒಳಗೆ ನಮ್ಮ ಆಯಿ, ಅಂದರೆ ಅವರಿಬ್ಬರ ತಾಯಿ. ನನ್ನ ಅವ್ವ ನಾನು ಕೂಸಿದ್ದಾಗಲೇ ತೀರಿಕೊಂಡಿದ್ದಳು. ನನ್ನನ್ನು ಎತ್ತಿ ಆಡಿಸಿ ಬೆಳೆಸಿದವಳು ಕಾಕಾನ ಹೆಂಡತಿ ತೋಟವ್ವ, ನನ್ನ ಚಿಗವ್ವ. ತನಗೆ ಮಕ್ಕಳಿಲ್ಲ ಎಂಬ ಮಾತನ್ನು ಅವಳು ಆಡಿದ್ದು ನನಗೆ ನೆನಪಿಲ್ಲ. ನಾನಿದ್ದೆನಲ್ಲ.

ಚಿಗವ್ವ ಊರಿಗೆಲ್ಲ ಹೆಸರಾಗಿದ್ದದ್ದು ಒಡಪಿಗೆ. ನಮ್ಮ ಕಡೆ ಹೆಂಡತಿಯಾದವಳು ಗಂಡನ ಹೆಸರನ್ನು ಹಾಗೇ ಬಾಯಿಬಿಟ್ಟು ಹೇಳುವುದಿಲ್ಲ. ಹೇಳಿದರೆ ಅವನ ಆಯುಷ್ಯಕ್ಕೆ ಕಡಿಮೆ ಎಂದು ನಂಬಿಕೆ. ಮದುವೆಯಲ್ಲೋ ಸೀಮಂತದಲ್ಲೋ ಹೆಂಗಸರು ಸೇರಿ 'ಹೆಸರು ಹೇಳು' ಎಂದು ಕಾಡಿದಾಗ ಮಾತ್ರ ಪ್ರಾಸ ಕಟ್ಟಿ, ಆ ಪ್ರಾಸದ ಮಡಿಲಲ್ಲಿ ಹೆಸರನ್ನಿಟ್ಟು ಹೇಳಬಹುದು. ಅದೇ ಒಡಪು. ಹಾಗೆ ಹೇಳಿದರೆ ದೋಷವಿಲ್ಲ, ಆಯುಷ್ಯ ಹೆಚ್ಚುತ್ತದೆ. ಮುತ್ತೈದೆಯರಿಗೆ ಅದೊಂದು ಹಕ್ಕು, ಗಂಡ ಸತ್ತವಳು ಒಡಪು ಹೇಳುವುದಿಲ್ಲ. ಓಣಿಯಲ್ಲಿ ಯಾವ ಹುಡುಗಿಯ ಮದುವೆ ಗೊತ್ತಾದರೂ ಅವಳ ಅವ್ವ ನಮ್ಮ ಮನೆಗೆ ಬಂದು, "ತೋಟವ್ವ, ಅಳಿಯನ ಹೆಸರು ಹಿಂಗೈತಿ, ಒಂದ್ ಚಲೋ ಒಡಪ ಕಟ್ಟಿಕೊಡವ್ವ" ಎಂದು ಕೇಳುತ್ತಿದ್ದಳು. ರೊಟ್ಟಿ ಬಡಿಯುತ್ತ ಬಡಿಯುತ್ತಲೇ ಚಿಗವ್ವ ಕಟ್ಟಿಕೊಡುತ್ತಿದ್ದಳು.

ಆಮೇಲೆ ಯುದ್ಧ ಬಂತು. ನಮ್ಮದಲ್ಲ, ಸಾಹೇಬರದು. ಎಲ್ಲಿಯೋ ಸಮುದ್ರದಾಚೆ ಅವರು ಯಾರ ಜೊತೆಗೋ ಕಾದಾಡುತ್ತಿದ್ದರು. ನಮಗೆ ಅದು ತಿಳಿದದ್ದು ಅಂಗಡಿಯಲ್ಲಿ ಬಟ್ಟೆ ಸಿಗದೇ ಹೋದಾಗ. ಮಗ್ಗದ ಬಟ್ಟೆ, ಗಿರಣಿಯ ಬಟ್ಟೆ ಎಲ್ಲ ದಂಡಿಗೆ ಹೋಯಿತು. ಮದುಮಕ್ಕಳು ಹಳೇ ಸೀರೆಯಲ್ಲಿ ಹಸೆಗೆ ಕುಳಿತರು. ನಮ್ಮ ಪಡಸಾಲೆಯ ಯಂತ್ರಗಳು ಸುಮ್ಮನಾದವು. ಆಗ ದಂಡಿಗೆ ಸೇರುವವರು ಬರಬೇಕೆಂದು ಸಂತೆಯಲ್ಲಿ ಡಂಗುರ ಸಾರಿದರು. ಬಂದೂಕು ಹಿಡಿಯುವವರಷ್ಟೇ ಅಲ್ಲ, ಹೊಲಿಯುವವರೂ ಬೇಕಂತೆ. ಬಟ್ಟೆ ಹೋದ ಕಡೆಗೆ ಕಾಕಾನೂ ಹೊರಟ.

"ದೀಪಾವಳಿಗೆ ಬಂದಬಿಡ್ತೀನಿ" ಎಂದು ಹೊಸ್ತಿಲಲ್ಲಿ ನಿಂತು ಹೇಳಿದ. ಯಾವ ದೀಪಾವಳಿ ಎಂದು ಕೇಳಲಿಲ್ಲವಲ್ಲ ನಾನು ಎಂದು ಚಿಗವ್ವ ಮುಂದೆ ಎಷ್ಟೋ ಸಲ ನಕ್ಕಿದ್ದಾಳೆ. ಆ ನಗು ನೋಡಲಾರದೆ ನಾನು ಎದ್ದು ಹೋಗುತ್ತಿದ್ದೆ.

ಹೋದವರಲ್ಲಿ ಒಬ್ಬನು ಕಾಲು ಕಳೆದುಕೊಂಡು, ವೈರಿಗಳ ಸೆರೆಯಿಂದ ಹೇಗೋ ಪಾರಾಗಿ ತಿರುಗಿ ಬಂದ. ಅವನು ನಮ್ಮ ಕಟ್ಟೆಯ ಮೇಲೆ ಕುಳಿತು ಹೇಳಿದ ಸುದ್ದಿಯೇ ಕಾಕಾನ ಬಗೆಗಿನ ಕೊನೆಯ ಸುದ್ದಿ. ಅವರ ತುಕಡಿ ವೈರಿಗಳ ಕೈಗೆ ಸಿಕ್ಕಿತ್ತು. ಅಲ್ಲಿ ಸೆರೆಯಲ್ಲಿದ್ದವರನ್ನೇ ಕೂಡಿಸಿ, ಬಿಳಿಯರನ್ನು ನಮ್ಮ ನಾಡಿನಿಂದ ಓಡಿಸುವುದಕ್ಕೆ ಬೇರೊಂದು ದಂಡು ಕಟ್ಟಿದ್ದರು. ಕಾಕಾ ಅದಕ್ಕೆ ಸೇರಿಕೊಂಡ.

"ಬಂದೂಕ ಹಿಡದಾನೇನು ನನ್ನ ಮಗಾ?" ಎಂದು ಆಯಿ ಕೇಳಿದಳು.

"ಇಲ್ಲಬೇ. ಅಲ್ಲೂ ಹೊಲೀತಾನ. ಅದ ಖಾಕಿ, ಅದ ಅಂಗಿ. ಹಳೇ ಗುಂಡಿ ಹರದು ಹೊಸಾ ಗುಂಡಿ ಹಚ್ಚತಾನ. ಭುಜದ ಪಟ್ಟಿ ಅಷ್ಟ ಬ್ಯಾರೆ" ಎಂದ ಅವನು. ಅವರ ದಂಡು ಅಡವಿಯೊಳಗೆ ಹೋದ ಮೇಲೆ ಏನಾಯಿತೋ ಅವನಿಗೂ ಗೊತ್ತಿರಲಿಲ್ಲ.

ಸುದ್ದಿ ನಮಗೆ ತಿಳಿದ ಮೇಲೆ ಸರಕಾರಕ್ಕೆ ತಿಳಿಯದೇ ಇರುತ್ತದೆಯೇ. ಪೊಲೀಸರು ಬಂದು ಚಿಗವ್ವನನ್ನು ಚಾವಡಿಗೆ ಕರೆದೊಯ್ದರು. ಆಯಿ ನನ್ನನ್ನೂ ಅವಳ ಹಿಂದೆ ಕಳಿಸಿದಳು. ಬಿಳಿಯ ಅಧಿಕಾರಿ ಮೇಜಿನ ಹಿಂದೆ ಕುಳಿತಿದ್ದ. ಅವನ ಮಾತನ್ನು ತಿರುಗಿಸಿ ಹೇಳುವವನು ಯಾವುದೋ ದೂರದ ಸೀಮೆಯವನು, ನಮ್ಮ ಮಾತು ಬರುತ್ತಿತ್ತೇ ಹೊರತು ನಮ್ಮ ರೀತಿ ಗೊತ್ತಿರಲಿಲ್ಲ.

"ನಿನ್ನ ಗಂಡನ ಹೆಸರೇನು?"

ಚಿಗವ್ವ ನೆಲ ನೋಡಿದಳು.

"ಹೆಸರು ಹೇಳು ಅಂದರೆ ಹೇಳಬೇಕು. ಸಾಹೇಬರು ಕೇಳುತ್ತಿದ್ದಾರೆ."

"ಹೆಂಗ ಹೇಳ್ಲಿರಿ" ಎಂದಳು ಚಿಗವ್ವ. ನನಗೆ ಬಾಯಿ ತೆರೆಯಲು ಭಯ. ನಾನು ಹೇಳಿದರೆ ಕಾಕಾನಿಗೆ ಏನು ಮಾಡುತ್ತಾರೋ ಎಂದು ತುಟಿ ಕಚ್ಚಿಕೊಂಡು ನಿಂತೆ. ಅಧಿಕಾರಿಗೆ ಹೆಸರು ಮೊದಲೇ ಗೊತ್ತಿತ್ತು. ಕೇಳುವುದು ಬರಿಯ ಪದ್ಧತಿ. ಮೊದಲ ಪ್ರಶ್ನೆಗೇ ಉತ್ತರ ಬರದಿದ್ದರೆ ಎರಡನೆಯದಕ್ಕೆ ಹೋಗುವುದು ಹೇಗೆ? ಅವನು ಮೇಜು ಗುದ್ದಿದ, ಕೂಗಾಡಿದ, ಸೆರೆಮನೆಗೆ ಹಾಕುತ್ತೇನೆ ಎಂದ. ಚಿಗವ್ವ ಹೆಸರು ಹೇಳಲಿಲ್ಲ. ಹೊತ್ತು ಮುಳುಗುವ ಮುಂದೆ ಬೇಸತ್ತು ಬಿಟ್ಟುಬಿಟ್ಟರು. ಚಾವಡಿಯ ಹೊರಗೆ ಸೇರಿದ್ದ ಜನ, ತೋಟವ್ವ ಗಂಡನ ಗುಟ್ಟು ಬಿಡಲಿಲ್ಲ ಎಂದು ಮಾತಾಡಿಕೊಂಡರು.

ಮನೆಗೆ ಬಂದ ಮೇಲೆ ಚಿಗವ್ವ ನೀರು ಕುಡಿದು, "ಯಾವ ಗುಟ್ಟವ್ವ? ನನಗೇನರ ಗೊತ್ತಿದ್ರ ಹೌದು. ಒಂದ್ ಒಡಪ ಕಟ್ಟಿ ಹೇಳೂಣಂದ್ರ, ಆ ಕೆಂಪ ಮಾರಿ ನೋಡಿ ಒಂದ್ ಪ್ರಾಸಾನೂ ಹೊಳೀಲಿಲ್ಲ" ಎಂದಳು. ನಾವಿಬ್ಬರೂ ಹೊಟ್ಟೆ ಹಿಡಿದುಕೊಂಡು ನಕ್ಕೆವು. ಆ ಮನೆಯಲ್ಲಿ ನಾವು ಹಾಗೆ ನಕ್ಕದ್ದು ಬಹಳ ದಿನಗಳ ಮೇಲೆ.

ಆಮೇಲಿನ ದಿನಗಳು ಕೆಟ್ಟವು. ಸರಕಾರದ ಕಣ್ಣಿಗೆ ಬಿದ್ದ ಮನೆಯೆಂದು ಜನ ನಮ್ಮ ಕಟ್ಟೆಯ ಮೇಲೆ ಕೂಡುವುದನ್ನು ಬಿಟ್ಟರು. ಬಟ್ಟೆ ಅಂಗಡಿಯ ಬಸಲಿಂಗಶೆಟ್ಟರು ಅಪ್ಪನಿಗೆ ಕೊಡುತ್ತಿದ್ದ ಹೊಲಿಗೆಯನ್ನು ನಿಲ್ಲಿಸಿದರು. ಯುದ್ಧ ಮುಗಿಯಿತು. ಹೋದವರು ಒಬ್ಬೊಬ್ಬರಾಗಿ ತಿರುಗಿ ಬಂದರು, ಕಾಕಾ ಬರಲಿಲ್ಲ. ದೀಪಾವಳಿಗಳು ಬಂದವು, ಹೋದವು. ಜನ ನಿಧಾನವಾಗಿ ಮತ್ತೆ ನಮ್ಮ ಮನೆಗೆ ಬರತೊಡಗಿದರು. ಆದರೆ ಒಂದು ಬದಲಾಗಿತ್ತು. ಮದುವೆಯ ಮನೆಗಳಲ್ಲಿ ಎಲ್ಲ ಹೆಂಗಸರಿಗೂ 'ಹೆಸರು ಹೇಳು' ಎಂದು ಗಂಟುಬೀಳುತ್ತಿದ್ದವರು ಚಿಗವ್ವನ ಸರದಿ ಬಂದಾಗ ಸುಮ್ಮನೆ ಮುಂದಿನವಳ ಕಡೆ ತಿರುಗುತ್ತಿದ್ದರು. ಯಾರೂ ಹೀಗೆ ಮಾಡೋಣ ಎಂದು ಮಾತಾಡಿಕೊಂಡದ್ದಲ್ಲ. ಅವಳಿಗೆ ನೋವಾಗದಿರಲಿ ಎಂದೇ ಹಾಗೆ ಮಾಡುತ್ತಿದ್ದರು. ಅವಳೇ ಕಟ್ಟಿದ ಒಡಪುಗಳನ್ನು ಬೇರೆಯವರು ಹೇಳುತ್ತಿದ್ದರು, ಅವಳು ಕೇಳುತ್ತ ಕುಳಿತಿರುತ್ತಿದ್ದಳು. ಅವಳ ಮುಖ ಆಗ ಹೇಗಿರುತ್ತಿತ್ತು ಎಂದರೆ, ಪಂಕ್ತಿಯಲ್ಲಿ ಒಬ್ಬಳ ಎಲೆಯನ್ನು ಮಾತ್ರ ಬಿಟ್ಟು ಬಡಿಸಿದ ಹಾಗೆ.

ಒಮ್ಮೆ ನಾನು ಕೇಳಿಯೇಬಿಟ್ಟೆ. "ಚಿಗವ್ವಾ, ಕಾಕಾ ಬರ್ತಾನಂತ ಖರೇನ ನಂಬೀಯೇನು?"

ಅವಳು ಒಲೆಗೆ ಒಂದು ಕಟ್ಟಿಗೆ ತಳ್ಳಿದಳು. "ನಂಬೂ ಮಾತಲ್ಲವ್ವ ಇದು. ಇಲ್ಲ ಅಂತ ನಾ ಒಪ್ಪಿಕೊಂಡ ಮ್ಯಾಲ ಅವರು ಬಂದ್ರ? ಯಾವ ಮಾರಿ ಇಟಗೊಂಡು ಬಾಗಿಲ ತಗೀಲಿ?"

ಅಷ್ಟರಲ್ಲಿ ಬಿಳಿಯರು ಹೊರಟುಹೋದರು. ಚಾವಡಿಯ ಮೇಲೆ ಹೊಸ ನಿಶಾನೆ ಹಾರಿತು. ಓಣಿಯ ಬಾಯಲ್ಲಿದ್ದ ಕಾಲ್ಡರ್ ಸಾಹೇಬನ ಹಲಗೆಯನ್ನು ಹುಡುಗರು ಕಿತ್ತು, ಹಗ್ಗ ಕಟ್ಟಿ ಊರೆಲ್ಲ ಎಳೆದಾಡಿದರು. ಅದು ಕಾಲ್ಡರ್ ಹಲಗೆಯೆಂದು ಅವತ್ತೇ ಓಣಿಯ ಅರ್ಧ ಜನಕ್ಕೆ ಗೊತ್ತಾದದ್ದು. ಹಿಂದೆ ಸಾಹೇಬರಿಗೆ ಹಾರ ಹಿಡಿದುಕೊಂಡು ನಿಲ್ಲುತ್ತಿದ್ದ ಬಸಲಿಂಗಶೆಟ್ಟರು ಖಾದಿ ತೊಟ್ಟು ಪುರಸಭೆಯ ಅಧ್ಯಕ್ಷರಾದರು. ಅವರನ್ನು ನಾನು ಬಯ್ಯುವುದಿಲ್ಲ. ಅಂಗಿ ಬದಲಿಸಿದವರು ಅವರೊಬ್ಬರೇ ಆಗಿರಲಿಲ್ಲ.

ಒಂದು ಮುಂಜಾನೆ ಶೆಟ್ಟರು ನಮ್ಮ ಮನೆಗೆ ಬಂದು ಪಡಸಾಲೆಯಲ್ಲಿ ಕುಳಿತರು. ಚಿಗವ್ವ ಒಳಬಾಗಿಲ ಮರೆಯಲ್ಲಿ ನಿಂತಳು. ನಾನು ಅವಳ ಬೆನ್ನಿಗೆ.

"ತಂಗಿ, ಆಜೂಬಾಜೂ ಊರಾಗೆಲ್ಲ ಹುತಾತ್ಮರದಾರ. ಒಂದ್ ಊರಾಗಂತೂ ಅವರ ಹೆಸರೀಲೆ ಚೌಕ ಮಾಡ್ಯಾರ. ನಮ್ಮೂರಾಗ ಒಬ್ಬರೂ ಇಲ್ಲ ಅಂದ್ರ ಹೆಂಗ?"

"ನಮ್ಮೂರಾಗ ಯಾರೂ ಸತ್ತಿಲ್ಲಂದ್ರ ಚಲೋನ ಆತಲ್ರಿ ಶೆಟ್ಟರ" ಎಂದಳು ಚಿಗವ್ವ.

ಶೆಟ್ಟರು ಕೆಮ್ಮಿದರು. "ಹಂಗಲ್ಲವಾ. ಈ ಓಣಿಗೆ ನಿಮ್ಮವರ ಹೆಸರಿಡೂದಂತ ಠರಾವ್ ಆಗೇತಿ. ಹುತಾತ್ಮ ಅಡಿವೆಪ್ಪ ಓಣಿ. ದೊಡ್ಡ ಮಾನ ಅದು. ಯುದ್ಧ ಮುಗದು ಎಷ್ಟ ದಿನ ಆತು. ಇದ್ದಿದ್ರ ಒಂದ್ ಸುದ್ದಿಯರ ಬರತಿತ್ತಿಲ್ಲೋ?"

"ಹೋಗಿದ್ರೂ ಒಂದ್ ಸುದ್ದಿ ಬರಬೇಕಿತ್ತಲ್ರಿ. ಅದೂ ಬಂದಿಲ್ಲ."

ಉತ್ತರ ಬಂದದ್ದು ಮೂಲೆಯಲ್ಲಿ ಕುಳಿತಿದ್ದ ಆಯಿಯಿಂದ. "ಹಲಗಿ ಹಾಕ್ರಿ ಶೆಟ್ಟರ. ನಾವು ಬರ್ತೀವಿ."

ಆ ಮಧ್ಯಾಹ್ನ ಅತ್ತೆ ಸೊಸೆ ಒಲೆಯ ಮುಂದೆ ಆಡಿದ ಮಾತು ನನಗೆ ಈಗಲೂ ಕೇಳಿಸುತ್ತದೆ.

"ತೋಟವ್ವ, ನಿನ್ನಷ್ಟ ಕಾಯಾಕ ನನ್ನ ಕಡೆ ಆಯುಷ್ಯ ಇಲ್ಲ. ಅವನ ಹೆಸರರ ಒಂದ್ ಕಡೆ ನೋಡಿ ಕಣ್ಣ ಮುಚ್ಚತೀನಿ."

"ನೀವು ಹೆಸರು ಬೇಡಾಕತ್ತೀರಿ ಅತ್ತಿ. ನಾ ಮನಿಷ್ಯಾನ್ನ ಬೇಡಾಕತ್ತೀನಿ."

"ಮನಿಷ್ಯಾನ್ನ ನಾ ಬೇಡಲಿಲ್ಲೇನು? ಹೊಟ್ಟಿಲೆ ಹೆತ್ತಾಕಿ ನಾನು. ಕೊಡೋರು ಯಾರದಾರ ಹೇಳು."

ಇಬ್ಬರ ಮಾತೂ ನಿಜವಾಗಿತ್ತು, ಅದೇ ಕಷ್ಟ. ಆಯಿಗೆ ಮಗನ ಗುರುತೊಂದು ಈ ನೆಲದ ಮೇಲೆ ಉಳಿಯಬೇಕಿತ್ತು. ಆದರೆ ಹುತಾತ್ಮನ ಹೆಂಡತಿ ಎಂದರೆ, ಹೇಗೆ ಸಿಂಗರಿಸಿ ಹೇಳಿದರೂ, ವಿಧವೆ. ಹಲಗೆ ಏರಿದ ದಿನವೇ ಚಿಗವ್ವನ ಹಣೆ ಬರಿದಾಗಬೇಕು. ಸಾವಿನ ಸುದ್ದಿ ಬರದಿದ್ದರೂ ಪುರಸಭೆಯ ಠರಾವು ಅವಳನ್ನು ವಿಧವೆ ಮಾಡುತ್ತಿತ್ತು. ಓಣಿಯ ಹಿರಿಯ ಹೆಂಗಸರು ಆಗಲೇ ಬಂದು, ಸರಕಾರವೇ ಒಪ್ಪಿದ ಮೇಲೆ ಇನ್ನೇನು, ಶಾಸ್ತ್ರ ಮುಗಿಸಿಬಿಡು ಎಂದು ಮೆತ್ತಗೆ ಹೇಳಿ ಹೋಗಿದ್ದರು. ನನ್ನ ಮದುವೆ ಗೊತ್ತಾಗಿತ್ತು. ನನಗೆ ಅರಿಶಿನ ಹಚ್ಚುವವಳು, ಒಡಪು ಕಲಿಸಿ ಹೊಸ್ತಿಲು ದಾಟಿಸುವವಳು ಚಿಗವ್ವ ಎಂದೇ ನಾನು ಬೆಳೆದಿದ್ದೆ. ಈಗ ಅವಳು ನನ್ನ ಹಂದರದ ಕೆಳಗೆ ಬರುವ ಹಾಗಿರಲಿಲ್ಲ. ನಾನು ಹಿತ್ತಲಿಗೆ ಹೋಗಿ ಅತ್ತೆ. ಹಾಳು ಹಲಗೆ, ಕಾಲುದಾರಿ ಎಂದೇ ಇರಬಾರದಿತ್ತೇ ಎಂದು ಬೈದುಕೊಂಡೆ.

ಹಲಗೆ ತೆರೆಯುವ ದಿನ ಓಣಿಯ ಬಾಯಲ್ಲಿ ತಳಿರು ಕಟ್ಟಿ, ಅಟ್ಟ ಹಾಕಿದ್ದರು. ಹಳೆಯ ಕಂಬಕ್ಕೇ ಹೊಸ ಹಲಗೆ ಜಡಿದು, ಬಿಳಿಯ ಬಟ್ಟೆ ಮುಚ್ಚಿದ್ದರು. ಆಯಿಗೆ ಮುಂದೆಯೇ ಕುರ್ಚಿ ಹಾಕಿದ್ದರು. ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ. ಚಿಗವ್ವ ಎಂದಿನ ಹಾಗೆ ತಲೆ ಬಾಚಿ, ಎಂದಿನ ಹಾಗೆ ಕುಂಕುಮ ಇಟ್ಟುಕೊಂಡು ಬಂದಳು. ಕಡೆಯ ಸಲ ಇಟ್ಟುಕೊಂಡಿದ್ದಾಳೆ ಎಂದು ಹೆಂಗಸರು ಸೆರಗಿನಿಂದ ಕಣ್ಣೊರೆಸಿಕೊಂಡರು.

ಶೆಟ್ಟರು ದೊಡ್ಡ ಭಾಷಣ ಮಾಡಿದರು. ಚಾವಡಿಯ ಕತೆ ಬಂತು. "ಪ್ರಾಣಾ ಹೋದ್ರೂ ಗಂಡನ ಹೆಸರು ಬಾಯಿ ಬಿಡಲಿಲ್ಲ ಈ ವೀರಪತ್ನಿ" ಎಂದು ಅವರು ಅಂದಾಗ ಚಪ್ಪಾಳೆಯೋ ಚಪ್ಪಾಳೆ. ನಾನು ಚಿಗವ್ವನ ಕಡೆ ನೋಡಿದೆ. ಅವಳ ತುಟಿಯ ಮೂಲೆಯಲ್ಲಿ ನಗು ಬಂದು ಹೋಯಿತು. ಆಮೇಲೆ ಶೆಟ್ಟರು, ತೋಟವ್ವನವರು ಎರಡು ಮಾತಾಡಬೇಕು ಎಂದು ಕೈಮುಗಿದರು.

ಅವಳು ಎದ್ದು ನಿಂತಳು. "ನನಗ ಭಾಷಣ ಬರೂದಿಲ್ಲ. ನನಗ ಬರೂದು ಒಂದ" ಎಂದು, ಸೆರಗು ತಲೆಯ ಮೇಲೆ ಎಳೆದುಕೊಂಡು, ಮದುವೆಯ ಮನೆಯಲ್ಲಿ ಹೇಳುವ ಧಾಟಿಯಲ್ಲೇ ಹೇಳಿದಳು:

"ಹಾದಿಗೊಂದು ಹೆಸರು ಬೇಕು, ಮನಿಗೊಂದು ಹೊಸ್ತಿಲ,
ಸಾಗರ ದಾಟಿ ಹೋದವರಿಗೆ ತಿರುಗಿ ನೋಡಾಕ ಹೊತ್ತಿಲ್ಲ,
ಬಡಿಸಿದ ತಾಟು ಮುಚ್ಚಿಟ್ಟೇನಿ, ನಾ ಇನ್ನಾ ಉಂಡಿಲ್ಲ,
ಅಡಿವೆಪ್ಪನವರ ಓಣ್ಯಾಗ ನಾ ಬಾಗಿಲಾ ಹಾಕಿಲ್ಲ."

ಗಂಡಸರು ಪದ್ಯವೆಂದು ತಿಳಿದು ಚಪ್ಪಾಳೆ ತಟ್ಟಿದರು. ಹೆಂಗಸರ ಕಡೆಯಿಂದ ಒಂದು ಸದ್ದಿಲ್ಲ. ಅವರಿಗೆ ಗೊತ್ತಾಗಿತ್ತು. ಕಾಕಾ ಹೋದಾಗಿನಿಂದ ಆ ಬಾಯಲ್ಲಿ ಬರದಿದ್ದ ಹೆಸರು ಬಂದಿತ್ತು, ಅದೂ ಒಡಪಿನಲ್ಲಿ. ವಿಧವೆಯಾದವಳು ಒಡಪು ಹೇಳುವುದಿಲ್ಲ. ಹೇಳಿದಳೆಂದರೆ ಅವಳು ಮುತ್ತೈದೆ. ಅದನ್ನು ಅವಳು ಊರಿನ ಎದುರು, ಆ ಮುಚ್ಚಿದ ಹಲಗೆಯ ಕೆಳಗೆ ನಿಂತು ಹೇಳಿದ್ದಳು. ಅದನ್ನು ಒಪ್ಪುವುದು, ಬಿಡುವುದು ಇನ್ನು ಹೆಂಗಸರಿಗೆ ಬಿಟ್ಟದ್ದು. ಎಲ್ಲರೂ ಆಯಿಯ ಕಡೆ ನೋಡಿದರು.

ಆಯಿ ಕುರ್ಚಿಯ ತೋಳು ಹಿಡಿದು ಕುಳಿತಿದ್ದಳು. ಮಗನ ಹೆಸರಿನ ಹಲಗೆಗಾಗಿ ಹಟ ಹಿಡಿದವಳು ಅವಳೇ. ಒಂದು ಮಾತು ಬೈದಿದ್ದರೆ ಚಿಗವ್ವ ಅಲ್ಲಿಗೆ ಮುಗಿಯುತ್ತಿದ್ದಳು.

"ಇನ್ನೊಮ್ಮೆ ಹೇಳವ್ವ" ಎಂದಳು ಆಯಿ. "ನನಗ ಕಿವಿ ಮಂದ. ಹೆಸರು ಸರಿಯಾಗಿ ಕೇಳಿಸಲಿಲ್ಲ."

ಮದುವೆಯ ಮನೆಗಳಲ್ಲಿ ಒಡಪು ಚೆನ್ನಾಗಿದ್ದರೆ ಹೆಂಗಸರು ಅನ್ನುವ ಮಾತೇ ಅದು. ಚಿಗವ್ವ ಇನ್ನೊಮ್ಮೆ ಹೇಳಿದಳು. ಅವಳ ದನಿ ಒಡೆಯಿತು, ಆದರೆ ಪ್ರಾಸ ತಪ್ಪಲಿಲ್ಲ. ಈ ಸಲ ಹೆಂಗಸರೆಲ್ಲ ಒಟ್ಟಿಗೆ, "ನಮಗೂ ಕೇಳಿಸಲಿಲ್ಲ, ಇನ್ನೊಮ್ಮೆ" ಎಂದರು. ಅಟ್ಟದ ಮೇಲೆ ಶೆಟ್ಟರು ಹಗ್ಗ ಹಿಡಿದುಕೊಂಡು, ಎಳೆಯಬೇಕೋ ಬಿಡಬೇಕೋ ತಿಳಿಯದೆ ನಿಂತಿದ್ದರು.

ಕೊನೆಗೆ ಎಳೆದರು, ಪಾಪ. ಹಲಗೆಯ ಮೇಲೆ 'ಹುತಾತ್ಮ ಅಡಿವೆಪ್ಪ ಓಣಿ' ಎಂದಿತ್ತು. ಮರುದಿನ ಬಣ್ಣದವನು ಏಣಿ ಹೊತ್ತುಕೊಂಡು ಬಂದು ಮೊದಲ ಪದದ ಮೇಲೆ ನೀಲಿ ಬಳಿದು ಹೋದ. ಶೆಟ್ಟರ ಹೆಂಡತಿ ಹೆಂಗಸರ ನಡುವೆ ಕುಳಿತಿದ್ದಳು. ಬದುಕಿರುವವರ ಹೆಸರಿನ ಮುಂದೆ ಅದನ್ನು ಬರೆಸಿದರೆ ಮನೆಯಲ್ಲಿ ಒಲೆ ಹೊತ್ತುವುದಿಲ್ಲ ಎಂದು ಅವಳು ಗಂಡನಿಗೆ ಹೇಳಿದಳಂತೆ. ಆ ಗೇಣಗಲದ ನೀಲಿ ಅಲ್ಲಿ ಬಂದದ್ದು ಹಾಗೆ.

ನನ್ನ ಮದುವೆಯಲ್ಲಿ ನನಗೆ ಅರಿಶಿನ ಹಚ್ಚಿದವಳು ಚಿಗವ್ವ. ಗಂಡನ ಮನೆಗೆ ಹೋದ ಮೇಲೂ ವರ್ಷಕ್ಕೊಮ್ಮೆ ಬಂದು ಅವಳ ಜೊತೆ ಇದ್ದು ಹೋಗುತ್ತಿದ್ದೆ. ಆ ಹಲಗೆ ಅವಳಿಗೆ ತಂದಿಟ್ಟ ಫಜೀತಿ ಒಂದೆರಡಲ್ಲ. ತನ್ನ ವಿಳಾಸವನ್ನು ಹೇಳಲು ಅವಳಿಗೆ ಬರುತ್ತಿರಲಿಲ್ಲ. ಬಂಡಿಯವನು ಎಲ್ಲಿಗೆ ಎಂದು ಕೇಳಿದರೆ "ನಮ್ಮವರ ಓಣಿಗೆ" ಎನ್ನುತ್ತಿದ್ದಳು; ಊರಿನ ಬಂಡಿಯವರಿಗೆಲ್ಲ ಅದು ರೂಢಿಯಾಗಿತ್ತು. ಆದರೆ ಆ ಹೆಸರು ದಿನವಿಡೀ ಕೇಳುತ್ತಿತ್ತು. ತರಕಾರಿಯವಳು, ಟಪಾಲಿನವನು, ದಾರಿ ತಪ್ಪಿದ ಪರಊರಿನವರು, ಎಲ್ಲರ ಬಾಯಲ್ಲೂ ಅಡಿವೆಪ್ಪ, ಅಡಿವೆಪ್ಪ. ಪ್ರತಿಸಲವೂ ಅವಳು ಮಾಡುತ್ತಿದ್ದ ಕೆಲಸ ಬಿಟ್ಟು ಬಾಗಿಲ ಕಡೆ ನೋಡುತ್ತಿದ್ದಳು. ರೂಢಿಯಾಗಬೇಕಿತ್ತು, ಆಗಲಿಲ್ಲ. ಅವಳ ಜೊತೆ ಇದ್ದು ಇದ್ದು ನಾನೂ ನೋಡುವುದನ್ನು ಕಲಿತೆ. ಕಾಕಾನ ಮುಖ ನನಗೆ ಮರೆತುಹೋಗಿತ್ತು. ಬರುವವನು ಹೇಗಿರುತ್ತಾನೆ ಎಂದೂ ಗೊತ್ತಿಲ್ಲದೆ ನೋಡುತ್ತಿದ್ದೆ.

ಚಿಗವ್ವ ತೀರಿಕೊಂಡಾಗ ಅವಳ ತಲೆಯಲ್ಲಿ ಒಂದು ಕರಿಯ ಕೂದಲಿರಲಿಲ್ಲ. ನಾನು ಬರುವಷ್ಟರಲ್ಲಿ, ನಮ್ಮ ರೂಢಿಯಂತೆ, ಅವಳನ್ನು ಪಡಸಾಲೆಯಲ್ಲಿ ಗೋಡೆಗೆ ಆನಿಸಿ ಬಾಗಿಲಿಗೆ ಮುಖವಾಗಿ ಕೂರಿಸಿದ್ದರು. ಏನು ಮಾಡಿದ್ದಾರೋ, ಯಾರಾದರೂ ತಕರಾರು ತೆಗೆದಿದ್ದಾರೋ ಎಂದು ಅಳುಕುತ್ತಲೇ ಒಳಗೆ ಹೋದೆ. ಕೈತುಂಬ ಹಸಿರು ಬಳೆ, ಹಣೆಯಲ್ಲಿ ಅಗಲವಾದ ಕುಂಕುಮ, ಮಡಿಲಲ್ಲಿ ಉಡಿ ತುಂಬಿದ ಅಕ್ಕಿ, ಕೊಬ್ಬರಿ. ಕುಂಕುಮ ಹಚ್ಚಿದವಳು ಓಣಿಗೆ ಹೊಸದಾಗಿ ಬಂದ ಒಬ್ಬ ಸೊಸೆ. ಅವಳು ಹುಟ್ಟುವ ಮೊದಲೇ ಕಾಕಾ ಹೋಗಿದ್ದ. ಅವಳು ಯಾರನ್ನೂ ಕೇಳಿರಲಿಲ್ಲ, ಯಾರೂ ಅವಳಿಗೆ ಹೇಳಿರಲಿಲ್ಲ.

ನಾನು ಕಟ್ಟೆಗೆ ಬಂದು ಕುಳಿತೆ. ಪರಊರಿನ ಬಂಡಿಯವನೊಬ್ಬ ಜನ ಸೇರಿದ್ದು ನೋಡಿ ಎತ್ತುಗಳನ್ನು ನಿಲ್ಲಿಸಿದ.

"ಯಾರ್ರಿ ಹೋದದ್ದು?"

"ಅಡಿವೆಪ್ಪನವರ ಹೇಣತಿ" ಎಂದ ಅಲ್ಲಿ ನಿಂತಿದ್ದ ಮುದುಕ.

"ಮುತ್ತೈದಿ ಸಾವು. ಪುಣ್ಯಾತಗಿತ್ತಿ" ಎಂದು ಅವನು ಬಾಗಿಲಿನಿಂದಲೇ ಕೈಮುಗಿದ. ಆಮೇಲೆ ಸುತ್ತ ಕುಳಿತ ಗಂಡಸರ ಮುಖಗಳನ್ನು ಒಂದೊಂದಾಗಿ ನೋಡಿದ. "ಯಜಮಾನ್ರು ಕಾಣವಲ್ಲರಲ್ಲ. ಊರಾಗಿಲ್ಲೇನು?"

ನಾನೇ ಹೇಳಿದೆ. "ಇಲ್ಲರಿ. ಬರೋರದಾರ."

"ಹಂಗಾರ ಅವರು ಬಂದ ಮ್ಯಾಲ ಎತ್ತೂದು" ಎಂದು ತಲೆಯಾಡಿಸಿ, ಅವನು ಎತ್ತುಗಳ ಕೊರಳ ಹಗ್ಗ ಬಿಚ್ಚಿದ. ಚಪ್ಪಲಿ ಕಳಚಿ, ತಲೆಯ ರುಮಾಲು ಬಿಚ್ಚಿ ಮೊಳಕಾಲ ಮೇಲಿಟ್ಟುಕೊಂಡು, ನಮ್ಮ ಜೊತೆ ಕಟ್ಟೆಯ ಮೇಲೆ ಕುಳಿತ. ಅವನಿಗೆ ಯಾರೂ ಏನೂ ಹೇಳಲಿಲ್ಲ. ಅವನು ಓಣಿಯ ಕಡೆ ನೋಡುತ್ತಿದ್ದ, ನಾವೂ ನೋಡುತ್ತಿದ್ದೆವು.